ಕುಲುಮೆ ಉರಿಯುವ ಹೊತ್ತಿಗೆ ತಲುಪುವುದು ಹೇಗೆ?

ಪ್ರಶ್ನೆ: ರಜೆ ಸಿಕ್ಕಾಗ ನಾಲ್ಕೈದು ದಿನ ಕಾರಿನಲ್ಲಿ ಸುತ್ತಾಡಿ ಬರುತ್ತೇವೆ. ನಾನು, ಹೆಂಡತಿ, ಹತ್ತು ವರ್ಷದ ಮಗಳು, ಜೊತೆಗೆ ಅಮ್ಮ. ಕಣ್ಣಿಗೆ ಹಿತವಾದ ಜಾಗ, ಹಳ್ಳಿ ಕಡೆಯ ಸಣ್ಣ ಊಟದ ಮನೆ, ಕೈಕೆಲಸದವರ ಅಂಗಳ, ಇವೆಲ್ಲ ನಮಗೆ ಇಷ್ಟ. ಆದರೆ ‘ನೋಡಲೇಬೇಕಾದ ಹತ್ತು ಜಾಗ’ ಅನ್ನೋ ಪಟ್ಟಿ ಹಿಡಿದು ಹೊರಟರೆ ದಿನವೆಲ್ಲ ಕಾರಿನಲ್ಲೇ ಕಳೆದುಹೋಗುತ್ತದೆ. ಊಟದ ಮನೆ ತಲುಪುವಷ್ಟರಲ್ಲಿ ಒಲೆ ಆರಿರುತ್ತದೆ. ‘ಕುಶಲಕರ್ಮಿಗಳ ಊರು’ ಅಂತ ಹೋದರೆ ಸಾಲಾಗಿ ಅಂಗಡಿಗಳು, ಕೆಲಸ ಮಾಡುವವರು ಒಬ್ಬರೂ ಕಾಣುವುದಿಲ್ಲ. ಒಳ್ಳೆಯ ಜಾಗ ಹುಡುಕುವುದು ಹೇಗೆ? ನಿಜವಾಗಿ ಕೈಯಲ್ಲಿ ಮಾಡಿದ್ದು ಯಾವುದು ಅಂತ ಗೊತ್ತಾಗುವುದು ಹೇಗೆ? ಕೊಂಡ ಮಣ್ಣಿನ ಪಾತ್ರೆ ಮನೆ ಸೇರುವಷ್ಟರಲ್ಲಿ ಒಡೆದಿರುತ್ತದೆ. ಅದಕ್ಕೂ ಏನಾದರೂ ಹೇಳಿ.

ಉತ್ತರ: ನಿಮ್ಮ ತೊಂದರೆಗಳಲ್ಲಿ ಹೆಚ್ಚಿನವಕ್ಕೆ ಬೇರು ಒಂದೇ ಅನ್ನಿಸುತ್ತದೆ. ನೀವು ಪ್ರವಾಸವನ್ನು ಜಾಗಗಳ ಲೆಕ್ಕದಲ್ಲಿ ಹಾಕಿಕೊಳ್ಳುತ್ತಿದ್ದೀರಿ. ಸಣ್ಣ ಊಟದ ಮನೆ, ಕುಂಬಾರರ ಅಂಗಳ, ಕಮ್ಮಾರರ ಕುಲುಮೆ ಇವೆಲ್ಲ ನಡೆಯುವುದು ಹೊತ್ತಿನ ಲೆಕ್ಕದಲ್ಲಿ. ದೊಡ್ಡ ಹೋಟೆಲು, ಮ್ಯೂಸಿಯಂ ನಿಮಗೋಸ್ಕರ ಬಾಗಿಲು ತೆರೆದು ಕಾಯುತ್ತವೆ. ಒಬ್ಬರೋ ಇಬ್ಬರೋ ನಡೆಸುವ ಜಾಗ ಹಾಗೆ ಕಾಯುವುದಿಲ್ಲ. ಅವರ ಕೆಲಸಕ್ಕೆ ಅದರದೇ ಹೊತ್ತು ಇರುತ್ತದೆ. ಹಾಗಾಗಿ ಮ್ಯಾಪ್ ತೆರೆಯುವ ಮೊದಲು ಆ ಹೊತ್ತು ತಿಳಿದುಕೊಳ್ಳಿ. ದಾರಿ ಆಮೇಲೆ.

ಅದಕ್ಕೂ ಮೊದಲು ಪಟ್ಟಿ ಸಣ್ಣದು ಮಾಡಬೇಕು. ಇದಕ್ಕೆ ನಾನು ಬಳಸುವುದು ಒಂದು ಹಳೆಯ ಉಪಾಯ. ಟೈರ್ ಮಾಡುವ ಮಿಶೆಲಿನ್ ಕಂಪನಿ 1900ರಲ್ಲಿ ಫ್ರಾನ್ಸಿನ ಕಾರಿನವರಿಗೆ ಒಂದು ಕೈಪಿಡಿಯನ್ನು ಪುಕ್ಕಟೆ ಹಂಚಿತು. ಜನ ಜಾಸ್ತಿ ಓಡಾಡಿದರೆ ಟೈರೂ ಜಾಸ್ತಿ ಸವೆಯುತ್ತದಲ್ವಾ! ಒಳ್ಳೆಯ ಊಟದ ಜಾಗಕ್ಕೆ ಆ ಕೈಪಿಡಿ ಕೊಡುವ, ಇವತ್ತು ಹೋಟೆಲಿನವರು ನಿದ್ದೆಗೆಟ್ಟು ಕಾಯುವ ನಕ್ಷತ್ರ ಬಂದದ್ದು 1926ರಲ್ಲಿ. ಒಂದು, ಎರಡು, ಮೂರು ಅನ್ನುವ ಮೆಟ್ಟಿಲು 1930ರ ದಶಕದ ಶುರುವಿನಲ್ಲಿ. ಅದರ ಅರ್ಥ ಪಕ್ಕಾ ಕಾರಿನವರ ಲೆಕ್ಕಾಚಾರ. ಒಂದು ನಕ್ಷತ್ರ ಇದ್ದರೆ ದಾರಿಯಲ್ಲಿ ಸಿಕ್ಕಾಗ ನಿಲ್ಲಿಸಬಹುದು. ಎರಡಿದ್ದರೆ ಸ್ವಲ್ಪ ಸುತ್ತು ಹಾಕಿಯಾದರೂ ಹೋಗಬಹುದು. ಮೂರಿದ್ದರೆ ಅದಕ್ಕೆಂದೇ ಮನೆಯಿಂದ ಹೊರಡಬಹುದು.

ನಿಮ್ಮ ಪಟ್ಟಿಯ ಎದುರಿಗೂ ಹೀಗೇ ಒಂದು, ಎರಡು, ಮೂರು ಅಂತ ಬರೆಯಿರಿ. ಊಟದ ಜಾಗಕ್ಕೆ ಮಾತ್ರ ಅಲ್ಲ, ಬೆಟ್ಟ, ಜಲಪಾತ, ನೇಕಾರರ ಮನೆ ಎಲ್ಲದಕ್ಕೂ. ಬರೆಯುವಾಗ ಮನೆಯವರನ್ನೂ ಕೂರಿಸಿಕೊಳ್ಳಿ. ಮಗಳ ಮೂರು ನಿಮಗೆ ಒಂದಾಗಿರಬಹುದು. ದಿನಕ್ಕೆ ಒಂದು ‘ಮೂರು’ ಸಾಕು. ಎರಡರದ್ದು ಒಂದೋ ಎರಡೋ ಇರಲಿ. ಒಂದರವು ಹೋಗುವ ದಾರಿಯಲ್ಲೇ ಇದ್ದರೆ, ಹೊತ್ತು ಉಳಿದರೆ ಮಾತ್ರ. ಬಿಟ್ಟುಹೋದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

ಇನ್ನು ದಾರಿಯ ದೂರದ ಲೆಕ್ಕ. ಮ್ಯಾಪ್ ಹೇಳುವ ಸಮಯದಲ್ಲಿ ನಿಮ್ಮ ಅಮ್ಮ ಕಾಲು ಚಾಚಲು ಇಳಿಯುವುದು, ಮಗಳು ಕೆರೆ ಕಂಡೊಡನೆ ನಿಲ್ಲಿಸು ಅನ್ನುವುದು, ದಾರಿ ತಪ್ಪಿ ಹಿಂದೆ ತಿರುಗುವುದು ಯಾವುದೂ ಸೇರಿರುವುದಿಲ್ಲ. ಹಳ್ಳಿ ರಸ್ತೆ, ಘಟ್ಟದ ರಸ್ತೆಯಾದರೆ ಅದು ಹೇಳಿದ ಹೊತ್ತಿಗೆ ಇನ್ನರ್ಧ ಸೇರಿಸಿಕೊಳ್ಳುವುದು ಒಳ್ಳೆಯದು. ಸ್ಟೀರಿಂಗ್ ಹಿಂದೆ ದಿನಕ್ಕೆ ನಾಲ್ಕು ಗಂಟೆಗಿಂತ ಜಾಸ್ತಿ ಕೂತರೆ ಅದು ಪ್ರವಾಸವಲ್ಲ, ಡ್ಯೂಟಿ. ಎರಡು ಗಂಟೆಗೊಮ್ಮೆ ಕಡಿಮೆಯೆಂದರೂ 15 ನಿಮಿಷ ನಿಲ್ಲಿಸಿ ಅಂತ ಬ್ರಿಟನ್ನಿನ ಹೈವೇ ಕೋಡ್ ಹೇಳುತ್ತದೆ. ಯಾವ ದೇಶದ ರಸ್ತೆಗೂ ಒಪ್ಪುವ ಮಾತು ಅದು.

ಚಂದದ ರಸ್ತೆ ನಿಧಾನವಾಗಿಯೇ ಇರಬೇಕು. ಅಮೆರಿಕದ ಬ್ಲೂ ರಿಡ್ಜ್ ಪಾರ್ಕ್‌ವೇ ನೋಡಿ. 1935ರಲ್ಲಿ ಕೆಲಸ ಶುರುವಾಗಿ 1987ರಲ್ಲಿ ಮುಗಿದ, ಬೆಟ್ಟಸಾಲಿನ ಮೇಲೆ ಹೋಗುವ ರಸ್ತೆ. ಉದ್ದ ಸುಮಾರು 755 ಕಿ.ಮೀ. ಹೆಚ್ಚೆಂದರೆ ಗಂಟೆಗೆ 72 ಕಿ.ಮೀ. ವೇಗ, ಅದೂ ಕೆಲವು ಕಡೆ ಇನ್ನೂ ಕಡಿಮೆ. ಲಾರಿಗಳಿಗೆ ಪ್ರವೇಶವೇ ಇಲ್ಲ. ಎಲ್ಲೂ ನಿಲ್ಲಿಸದೆ ಓಡಿಸಿದರೂ ಹತ್ತು ಗಂಟೆ ಮೀರುತ್ತದೆ. ಬೇಗ ತಲುಪಬೇಕಾದವರಿಗೆ ಪಕ್ಕದಲ್ಲೇ ಬೇರೆ ಹೆದ್ದಾರಿಗಳಿವೆ. ನಿಮ್ಮ ಮ್ಯಾಪಿನಲ್ಲೂ ‘ಹೆದ್ದಾರಿ ಬೇಡ’ ಅನ್ನುವ ಆಯ್ಕೆ ಇರುತ್ತದೆ. ದಿನದ ಒಂದು ತುಂಡು ದಾರಿಗೆ ಮಾತ್ರ ಅದನ್ನು ಒತ್ತಿ ನೋಡಿ. ಇಡೀ ದಿನಕ್ಕೆ ಒತ್ತಿದರೆ ಕತ್ತಲಾದರೂ ರೂಮ್ ಸೇರುವುದಿಲ್ಲ.

ಈಗ ಕೈಕೆಲಸದವರ ವಿಷಯ. ದಿನದ ಯೋಜನೆ ಇಲ್ಲಿಂದ ಶುರುವಾಗಬೇಕು ಅನ್ನುವುದು ನನ್ನ ಹಟ. ಯಾಕೆಂದರೆ ಇವರ ಹೊತ್ತು ನಮಗಾಗಿ ಒಂಚೂರೂ ಬಾಗುವುದಿಲ್ಲ. ಇಟಲಿಯ ಪಾರ್ಮಿಜಾನೊ ರೆಜ್ಜಾನೊ ಚೀಸ್ ಮಾಡುವ ಮನೆಗಳನ್ನೇ ತೆಗೆದುಕೊಳ್ಳಿ. ಅಲ್ಲಿ ಹಾಲು ಕಾಯಿಸುವುದು ದಿನಾ ಬೆಳಿಗ್ಗೆ. ಎಂಟು, ಎಂಟೂವರೆಗೆ ಹೋದವರು ಎಲ್ಲವನ್ನೂ ನೋಡುತ್ತಾರೆ. ಗಂಟೆಯಾಕಾರದ ದೊಡ್ಡ ತಾಮ್ರದ ಹಂಡೆ, ಹಾಲು ಒಡೆದು ತಳಕ್ಕೆ ಕೂತ ಗಿಣ್ಣಿನಂಥ ಗಡ್ಡೆ. ಒಬ್ಬರು ಉದ್ದನೆಯ ಮರದ ಹಲಗೆಯಿಂದ ಅದನ್ನು ಮೇಲೆಬ್ಬಿಸುತ್ತಾರೆ. ಇನ್ನೊಬ್ಬರು ಕೆಳಗೆ ಬಟ್ಟೆ ತೂರಿಸುತ್ತಾರೆ. ಹಬೆಯ ನಡುವೆ ಇಬ್ಬರೂ ಬಟ್ಟೆಯ ತುದಿ ಹಿಡಿದು ಎತ್ತಿ, ಆ ಗಡ್ಡೆಯನ್ನು ಸರಿಯಾಗಿ ಎರಡು ಭಾಗ ಮಾಡುತ್ತಾರೆ. ಹನ್ನೊಂದಕ್ಕೆ ಹೋದವರಿಗೆ ಕಾಣುವುದು ತೊಳೆದಿಟ್ಟ ಹಂಡೆ ಮತ್ತು ಒಂದು ಅಂಗಡಿ. ಜಾಗ ಅದೇ, ವಿಳಾಸ ಅದೇ.

ಒಂದೊಂದು ಕಸುಬಿಗೂ ಇಂಥ ಹೊತ್ತಿದೆ. ಕಮ್ಮಾರರು ಬಿಸಿಲೇರುವ ಮೊದಲೇ ಕುಲುಮೆ ಹೊತ್ತಿಸಿ ಕೆಲಸ ಮುಗಿಸಲು ನೋಡುತ್ತಾರೆ. ಬಣ್ಣ ಹಾಕುವವರಿಗೆ, ಅಚ್ಚು ಒತ್ತುವವರಿಗೆ ಬಟ್ಟೆ ಒಣಗಲು ಬಿಸಿಲು ಬೇಕು. ಮಳೆ ಹಿಡಿದರೆ ಕೆಲಸ ನಿಲ್ಲುತ್ತದೆ. ಗಾಜು ಊದುವವರ ಕುಲುಮೆ ಹಗಲೂ ರಾತ್ರಿ ಉರಿಯುತ್ತಲೇ ಇರುತ್ತದೆ. ಗಾಜು ಕರಗಲು ಸಾವಿರ ಡಿಗ್ರಿಗೂ ಮೇಲೆ ಕಾವು ಬೇಕು, ದಿನಾ ಆರಿಸಿ ದಿನಾ ಹೊತ್ತಿಸಲು ಆಗುವುದಿಲ್ಲ. ಆದರೆ ವರ್ಷಕ್ಕೊಮ್ಮೆ ರಿಪೇರಿಗೆ, ರಜೆಗೆ ನಿಲ್ಲಿಸುತ್ತಾರೆ. ವೆನಿಸ್ ಪಕ್ಕದ ಮುರಾನೊ ದ್ವೀಪದಲ್ಲಿ 1291ರಿಂದ ಗಾಜಿನ ಕುಲುಮೆಗಳಿವೆ. ಅಲ್ಲಿಗೂ ಆಗಸ್ಟ್‌ನಲ್ಲಿ ಹೋದರೆ ಎಷ್ಟೋ ಕುಲುಮೆಗಳು ತಣ್ಣಗಿರುತ್ತವೆ. ನೇಕಾರರ ಮನೆಗೆ ನೀವು ಹೋದ ದಿನ ಮಗ್ಗಕ್ಕೆ ಹೊಸ ಹಾಸು ಏರಿಸುತ್ತಿದ್ದರೆ ಲಾಳಿಯ ಸದ್ದೇ ಇರುವುದಿಲ್ಲ. ಹಾಗಂತ ವಾಪಸು ಬರಬೇಡಿ. ಸಾವಿರಾರು ಎಳೆಗಳನ್ನು ಒಂದೊಂದಾಗಿ ಪೋಣಿಸುವುದನ್ನು ನೋಡಿದರೆ ಸೀರೆಯ ಬೆಲೆ ಯಾಕಷ್ಟು ಅನ್ನುವ ಪ್ರಶ್ನೆ ಆಮೇಲೆ ಬಾಯಿಗೆ ಬರುವುದಿಲ್ಲ.

ಇವೆಲ್ಲದರಲ್ಲಿ ನನಗೆ ಹೆಚ್ಚು ಇಷ್ಟ ಕುಂಬಾರರ ಆವಿಗೆ, ಅಂದರೆ ಪಾತ್ರೆ ಸುಡುವ ಗೂಡು, ಬಿಚ್ಚುವ ದಿನ. ಬೆಂಕಿ ಹಾಕುವ ದಿನ ಹೋಗಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆ ದಿನ ಅವರು ನಿದ್ದೆಯಿಲ್ಲದೆ ಉರಿ ಕಾಯುತ್ತಿರುತ್ತಾರೆ, ಮಾತಿಗೆ ಪುರುಸೊತ್ತು ಇರುವುದಿಲ್ಲ. ಗಟ್ಟಿ ಪಿಂಗಾಣಿಯಂಥ ಪಾತ್ರೆಗೆ 1,200 ಡಿಗ್ರಿಗೂ ಮೇಲೆ ಕಾವು ಕೊಟ್ಟಿರುತ್ತಾರೆ. ಅದು ಆರಲು ಒಂದು ದಿನಕ್ಕೂ ಜಾಸ್ತಿ ಬೇಕು. ಸೌದೆಯ ದೊಡ್ಡ ಆವಿಗೆಯಾದರೆ ವಾರವೂ ಹಿಡಿಯಬಹುದು. ಬಿಚ್ಚಿದ ದಿನ ಪಾತ್ರೆಗಳು ಇನ್ನೂ ಕೈಗೆ ಬೆಚ್ಚಗೆ ಹತ್ತುತ್ತವೆ. ಹೊರಗಿನ ಗಾಳಿ ತಾಗಿದಾಗ ಹೊಳಪಿನ ಲೇಪ ಕುಗ್ಗಿ, ಸಣ್ಣ ಸಣ್ಣ ಗೆರೆ ಬಿಡುತ್ತಾ ‘ಟಿಣ್, ಟಿಣ್’ ಅನ್ನುತ್ತದೆ. ಹಲಗೆಯ ತುಂಬ ಜೋಡಿಸಿದ ಬಟ್ಟಲುಗಳು ಒಂದೊಂದಾಗಿ ಸದ್ದು ಮಾಡುವಾಗ ನಿಮ್ಮ ಮಗಳು ಫೋನ್ ಮುಟ್ಟುವುದಿಲ್ಲ, ನೋಡಿ ಬೇಕಾದರೆ. ಅವತ್ತು ಕುಂಬಾರರಿಗೂ ಮಾತಾಡುವ ಹುರುಪು ಇರುತ್ತದೆ. ಕೆಲಸ ಕೆಟ್ಟಿರದಿದ್ದರೆ, ಅನ್ನಿ.

ಇದನ್ನೆಲ್ಲ ತಿಳಿಯುವುದು ಹೇಗೆ? ಫೋನ್ ಮಾಡಿ. ಹೊರಡುವ ವಾರ ಒಮ್ಮೆ, ಹಿಂದಿನ ಸಂಜೆ ಇನ್ನೊಮ್ಮೆ. ‘ನಾಳೆ ತೆರೆದಿರುತ್ತಾ?’ ಅಂತ ಕೇಳಿದರೆ ‘ಹೂಂ, ಬನ್ನಿ’ ಅನ್ನುತ್ತಾರೆ, ಅಷ್ಟೇ. ‘ನಾಳೆ ನೀವು ಏನು ಕೆಲಸ ಮಾಡುತ್ತಿರುತ್ತೀರಿ? ಎಷ್ಟು ಹೊತ್ತಿಗೆ ಬಂದರೆ ನೋಡಬಹುದು, ನಿಮಗೆ ತೊಂದರೆಯೂ ಆಗಬಾರದು’ ಅಂತ ಕೇಳಿ. ಆಗ ಸಿಗುವ ಉತ್ತರವೇ ಬೇರೆ. ಆ ಉತ್ತರದ ಸುತ್ತ ದಿನವನ್ನು ಕಟ್ಟಿ.

ನಂಬರೇ ಸಿಗದಿದ್ದರೆ ಮೊದಲು ಆ ಸೀಮೆಯ ಕುಶಲಕರ್ಮಿಗಳ ಸಂಘ, ಸಹಕಾರಿ ಅಥವಾ ತರಬೇತಿ ಕೇಂದ್ರ ಹುಡುಕಿ. ಆಗಲೇ ಹೇಳಿದ ಬ್ಲೂ ರಿಡ್ಜ್ ರಸ್ತೆಯ ಬದಿಯಲ್ಲೇ, ಆಶ್‌ವಿಲ್ ಊರಿನ ಹತ್ತಿರ, ಸದರ್ನ್ ಹೈಲ್ಯಾಂಡ್ ಕ್ರಾಫ್ಟ್ ಗಿಲ್ಡ್ ಅನ್ನುವ ಸಂಘದ ಕೇಂದ್ರವಿದೆ. 1930ರಿಂದ ಇರುವ ಸಂಘ. ಅಲ್ಲಿ ಕೆಲಸ ನೋಡಿ, ಮೆಚ್ಚಿದವರ ಊರು ಕೇಳಿಕೊಂಡು ಹೋಗುವವರು ಬಹಳ. ಜಪಾನಿನಲ್ಲಿ ಈ ಕೆಲಸಕ್ಕೆ ‘ಮಿಚಿ ನೋ ಎಕಿ’ ಅನ್ನುವ ದಾರಿಬದಿ ತಂಗುದಾಣಗಳಿವೆ. 1993ರಲ್ಲಿ ಶುರುವಾದವು ಈಗ ದೇಶದ ತುಂಬ 1,200ಕ್ಕೂ ಹೆಚ್ಚಿವೆ. ಪಾರ್ಕಿಂಗ್, ಶೌಚಾಲಯ 24 ಗಂಟೆಯೂ ತೆರೆದಿರುತ್ತವೆ. ಒಳಗೆ ಸುತ್ತಲಿನ ರೈತರು ತಂದಿಟ್ಟ ತರಕಾರಿಯ ಮೇಲೆ ಬೆಳೆದವರ ಹೆಸರಿರುತ್ತದೆ, ಆ ಊರಿನ ಕೈಕೆಲಸವೂ ಇರುತ್ತದೆ. ನೀವು ಹೋಗುವ ಕಡೆ ಇಂಥದ್ದು ಇಲ್ಲದಿದ್ದರೆ ವಾರದ ಸಂತೆಯ ದಿನ ಯಾವುದು ಅಂತ ಕೇಳಿ. ಹತ್ತು ಊರು ಸುತ್ತಿ ನೋಡಬೇಕಾದವರು ಅವತ್ತು ಒಂದೇ ಕಡೆ ಸಿಗುತ್ತಾರೆ.

ಊಟದ ಮನೆಗೂ ಇದೇ ಲೆಕ್ಕ. ಸಣ್ಣ ಅಡುಗೆಮನೆಯಲ್ಲಿ ಮಧ್ಯಾಹ್ನದ ಊಟ ಮುಗಿದ ಮೇಲೆ ಒಲೆ ಆರುತ್ತದೆ. ಮತ್ತೆ ಹೊತ್ತುವುದು ಸಂಜೆಯೇ. ಬೋರ್ಡಿನಲ್ಲಿ ‘ಮೂರರವರೆಗೆ’ ಅಂತಿದ್ದರೆ ಎರಡೂ ಕಾಲಿಗೆ ತಲುಪಿ. ವಾರದ ರಜೆ ಭಾನುವಾರವೇ ಇರಬೇಕಿಲ್ಲ. ಶನಿವಾರ, ಭಾನುವಾರ ಜನ ತುಂಬುವ ಕಡೆ ಸೋಮವಾರವೋ ಮಂಗಳವಾರವೋ ಬಾಗಿಲು ಹಾಕಿರುತ್ತಾರೆ. ವರ್ಷದಲ್ಲಿ ಕೆಲವೇ ತಿಂಗಳು ನಡೆಯುವವೂ ಇವೆ. ಜರ್ಮನಿಯ ದ್ರಾಕ್ಷಿ ಸೀಮೆಯಲ್ಲಿ ವೈನ್ ಮಾಡುವ ಮನೆಯವರು ತಮ್ಮ ಅಂಗಳದಲ್ಲೇ ನಡೆಸುವ ಊಟದ ಜಾಗಗಳಿವೆ. ಕಾನೂನಿನ ಪ್ರಕಾರ ವರ್ಷಕ್ಕೆ ಹೆಚ್ಚೆಂದರೆ ನಾಲ್ಕು ತಿಂಗಳು, 40 ಜನ ಕೂರುವಷ್ಟೇ ಜಾಗ. ತೆರೆದ ದಿನ ಬಾಗಿಲಿಗೆ ಒಂದು ಪೊರಕೆ ನೇತುಹಾಕುತ್ತಾರೆ. ಪೊರಕೆ ಇಲ್ಲ ಅಂದರೆ ಊಟ ಇಲ್ಲ! ಇಂಥ ಜಾಗದ ತೆರೆಯುವ ಸಮಯಕ್ಕೆ ಯಾವ ಆ್ಯಪನ್ನೂ ಪೂರ್ತಿ ನಂಬಬೇಡಿ.

ವಿಮರ್ಶೆ ಓದುವುದರಲ್ಲೂ ಒಂದು ಜಾಣತನ ಇದೆ. ಐದು ನಕ್ಷತ್ರದವು ಸುಮ್ನೆ ಹೊಗಳುತ್ತವೆ, ಒಂದರವು ಸುಮ್ನೆ ಬೈಯುತ್ತವೆ. ಮೂರು ನಕ್ಷತ್ರ ಕೊಟ್ಟವರನ್ನು ಓದಿ. ‘ಐಟಂ ಕಡಿಮೆ’, ‘ಬಹಳ ಹೊತ್ತು ಕಾಯಿಸಿದರು’, ‘ನಾವು ಹೋದಾಗ ಖಾಲಿಯಾಗಿತ್ತು’ ಅಂತ ಇದ್ದರೆ ನಾನಂತೂ ಅಲ್ಲಿಗೇ ಹೋಗುತ್ತೇನೆ. ಹೊಸದಾಗಿ ಬೇಯಿಸುತ್ತಾರೆ, ಉಳಿದದ್ದನ್ನು ನಾಳೆಗೆ ಇಡುವುದಿಲ್ಲ ಅನ್ನುವುದನ್ನು ಆ ಬೈಗುಳವೇ ಹೇಳುತ್ತದೆ. ‘ಹೊಟ್ಟೆ ಕೆಟ್ಟಿತು’ ಅಂತ ಇಬ್ಬರು ಬರೆದಿದ್ದರೆ ಬೇಡ. ಎಂಟು ಪುಟದ ಮೆನು ಇರುವ ಹಳ್ಳಿ ಹೋಟೆಲನ್ನೂ ನಾನು ನಂಬುವುದಿಲ್ಲ. ಅಷ್ಟೊಂದು ಬಗೆ ಮಾಡಬೇಕಾದರೆ ಫ್ರೀಜರ್ ಇರಲೇಬೇಕು. ಲಾರಿ ನಿಂತಿರುವ ಕಡೆ ಊಟ ಚೆನ್ನಾಗಿರುತ್ತದೆ ಅನ್ನುವ ಮಾತಿದೆಯಲ್ಲ, ಅದು ಅರ್ಧ ನಿಜ. ಲಾರಿ ನಿಲ್ಲುವುದಕ್ಕೆ ಮೊದಲು ಬೇಕಾಗಿರುವುದು ಜಾಗ. ಅದಕ್ಕಿಂತ ಆ ಊರಿನವರೇ ಮನೆಮಂದಿಯನ್ನು ಕರೆದುಕೊಂಡು ಬಂದಿದ್ದಾರಾ ನೋಡಿ. ಅಜ್ಜಿ, ಮೊಮ್ಮಕ್ಕಳು ಕೂತಿರುವ ಮೇಜು ಒಂದಿದ್ದರೆ ಧೈರ್ಯವಾಗಿ ಒಳಗೆ ಹೋಗಿ.

ಮಣ್ಣಿನ ಗೋಡೆ, ಲಾಟೀನು, ಎತ್ತಿನ ಗಾಡಿಯ ಚಕ್ರ ಇವನ್ನು ನೋಡಿ ಮೋಸ ಹೋಗಬೇಡಿ. ಹಳ್ಳಿಯ ವೇಷ ಹಾಕುವುದು ಈಗ ಸುಲಭ. ನಾನು ಕೇಳುವುದು ಒಂದೇ ಪ್ರಶ್ನೆ: ‘ಇವತ್ತು ಏನು ಚೆನ್ನಾಗಿ ಬಂದಿದೆ?’ ಥಟ್ಟನೆ ಒಂದು ಹೆಸರು ಹೇಳಿದರೆ ಅಡುಗೆಮನೆಗೂ ಅವರಿಗೂ ನಂಟಿದೆ ಅಂತ ಅರ್ಥ. ‘ಎಲ್ಲಾ ಚೆನ್ನಾಗಿದೆ ಸಾರ್’ ಅಂದರೆ ಕಾಫಿ ಕುಡಿದು ಎದ್ದುಬಿಡಿ.

ನೋಟದ ಜಾಗಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅವನ್ನು ಹುಡುಕುವುದು ಸುಲಭ. ಆದರೆ ಅದು ಯಾವ ದಿಕ್ಕಿಗೆ ಮುಖ ಮಾಡಿದೆ ಅಂತ ಮ್ಯಾಪಿನಲ್ಲಿ ನೋಡಿಕೊಳ್ಳಿ. ಕಣಿವೆ ನಿಮ್ಮ ಪಡುವಣಕ್ಕಿದ್ದರೆ ಬೆಳಿಗ್ಗೆ ಹೋಗಿ, ಸೂರ್ಯ ಬೆನ್ನ ಹಿಂದಿದ್ದು ಕಣಿವೆಯೆಲ್ಲ ಬೆಳಗುತ್ತದೆ. ಮೂಡಣಕ್ಕಿದ್ದರೆ ಇಳಿಹೊತ್ತು ಒಳ್ಳೆಯದು. ಸೂರ್ಯೋದಯವನ್ನೇ ನೋಡಬೇಕು ಅನ್ನುವವರ ಮಾತು ಬೇರೆ. ರಾತ್ರಿ ತಣ್ಣನೆಯ ಗಾಳಿ ಇಳಿದು ತಗ್ಗಿನಲ್ಲಿ ನಿಲ್ಲುವುದರಿಂದ ಬೆಳಗಿನ ಮಂಜು ಕಣಿವೆಯಲ್ಲೇ ತುಂಬಿರುತ್ತದೆ. ಬಿಸಿಲು ಬಿದ್ದು ಒಂದೆರಡು ಗಂಟೆಯಲ್ಲಿ ಕರಗುತ್ತದೆ. ಅಲ್ಲಿಯತನಕ ಏನೂ ಕಾಣದಿದ್ದರೆ ತಿಂಡಿ ಮುಗಿಸಿಕೊಂಡು ಬನ್ನಿ. ಆಳದ ಕೊರಕಲಿನಲ್ಲಿರುವ ಜಲಪಾತಕ್ಕೆ ನಡುಮಧ್ಯಾಹ್ನವೇ ಸರಿ, ಉಳಿದ ಹೊತ್ತು ಅಲ್ಲಿ ನೆರಳು. ಅಂದಹಾಗೆ, ಅಮ್ಮನಿಗೆ ತಿರುವುಗಳಲ್ಲಿ ತಲೆ ಸುತ್ತುತ್ತದೆಯಾದರೆ ಮುಂದಿನ ಸೀಟು ಅವರಿಗೇ ಕೊಡಿ. ದೂರದ ರಸ್ತೆ ನೋಡುತ್ತಿದ್ದರೆ ವಾಂತಿ ಬರುವುದು ಕಡಿಮೆ. ಘಟ್ಟ ಇಳಿಯುವಾಗ ಬ್ರೇಕ್ ಮೇಲೆ ಕಾಲಿಟ್ಟೇ ಇರಬೇಡಿ, ಕಾದು ಹಿಡಿತ ತಪ್ಪುತ್ತದೆ. ಗೇರ್ ಇಳಿಸಿ.

ಕೈಯಲ್ಲಿ ಮಾಡಿದ್ದು ಅಂತ ಗೊತ್ತಾಗುವುದು ಹೇಗೆ ಅಂದಿರಿ. ಮಡಕೆ, ಬಟ್ಟಲು ಆದರೆ ಬೋರಲು ಹಾಕಿ ತಳ ನೋಡಿ. ಒಳಗೆ ಬೆರಳಾಡಿಸಿ. ತಿಗರಿಯ ಮೇಲೆ ಎತ್ತಿದ ಪಾತ್ರೆಯಲ್ಲಿ ಸುತ್ತು ಸುತ್ತಾಗಿ ಬೆರಳಿನ ಏರಿಳಿತ ಸಿಗುತ್ತದೆ. ಎರಕದ ಅಚ್ಚಿನಲ್ಲಿ ಹೊಯ್ದದ್ದಾದರೆ ಹೊರಗೆ ಎಲ್ಲಾದರೂ ಒಂದು ತೆಳು ಸೇರಿಕೆಯ ಗೆರೆ ಇರಬಹುದು, ಎಲ್ಲ ಪಾತ್ರೆಗಳೂ ಒಂದೇ ತೂಕ. ಬಟ್ಟೆಯ ಮೇಲಿನ ಅಚ್ಚಾದರೆ ಒಂದು ಅಚ್ಚು ಮುಗಿದು ಇನ್ನೊಂದು ಶುರುವಾಗುವ ಕಡೆ ಕಣ್ಣಿಡಿ. ಕೂದಲೆಳೆಯಷ್ಟು ಸರಿದಿರುತ್ತದೆ ಇಲ್ಲವೇ ಒಂದರ ಮೇಲೊಂದು ಹತ್ತಿರುತ್ತದೆ. ಆ ಸರಿದ ಅಳತೆ ಒಂದೊಂದು ಕಡೆ ಒಂದೊಂದು ಥರ ಇದ್ದರೆ ಕೈಯದ್ದು. ಎಲ್ಲ ಕಡೆ ಒಂದೇ ಥರದ ‘ತಪ್ಪು’ ಇದ್ದರೆ ಯಂತ್ರದ್ದು. ಕೈಮಗ್ಗದ ಬಟ್ಟೆಯ ಎರಡೂ ಅಂಚಿನಲ್ಲಿ, ನೇಯುವಾಗ ಅಗಲಕ್ಕೆ ಎಳೆದು ಹಿಡಿಯುವ ಕಡ್ಡಿಯ ಮೊನೆ ಚುಚ್ಚಿದ ಸಣ್ಣ ತೂತು ಎಷ್ಟೋ ಸಲ ಕಾಣುತ್ತದೆ. ಮರದ ಕೆತ್ತನೆಯಲ್ಲಿ ಒಳಮೂಲೆ ನೋಡಿ. ಉಳಿ ಹೋದ ಮೂಲೆ ಚೂಪಾಗಿರುತ್ತದೆ, ಯಂತ್ರದ ತಿರುಗುವ ಮೊನೆ ಹೋದದ್ದು ದುಂಡಗಿರುತ್ತದೆ. ಬುಟ್ಟಿಗೆ ಮಾತ್ರ ಈ ಪರೀಕ್ಷೆ ನಡೆಯುವುದಿಲ್ಲ. ಬಹುತೇಕ ಎಲ್ಲ ಬುಟ್ಟಿಗಳೂ ಎಲ್ಲೋ ಯಾರೋ ಕೈಯಲ್ಲೇ ಹೆಣೆದವು. ಅಲ್ಲಿ ಕೇಳಬೇಕಾದದ್ದು ಯಾರು, ಎಲ್ಲಿ ಅಂತ.

ಯಂತ್ರದಲ್ಲಿ ಮಾಡಿದ್ದೆಲ್ಲ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಕೈಯದ್ದೆಂದು ದುಡ್ಡು ಕೊಟ್ಟು ಯಂತ್ರದ್ದನ್ನು ತರಬೇಡಿ, ಅಷ್ಟೇ. ಕೆಲವು ಕಡೆ ಕಾನೂನಿನ ಗುರುತೂ ಇರುತ್ತದೆ. ಮುರಾನೊ ಗಾಜಿಗೆ 1994ರ ಕಾಯ್ದೆಯ ಪ್ರಕಾರ ಒಂದು ಮುದ್ರೆ ಇದೆ, ಹೊರಗಿನ ಅಗ್ಗದ ಗಾಜು ಅದೇ ಹೆಸರಲ್ಲಿ ಮಾರಾಟವಾಗುತ್ತಿದ್ದುದೇ ಅದಕ್ಕೆ ಕಾರಣ. ನೀವು ಹೋಗುವ ಸೀಮೆಯ ಕಸುಬಿಗೆ ಅಂಥ ಗುರುತಿದ್ದರೆ ಮೊದಲೇ ತಿಳಿದುಕೊಳ್ಳಿ.

ಅಂಗಳಕ್ಕೆ ಹೋದಾಗ ಕೇಳದೆ ಫೋಟೋ ಬೇಡ. ಅದರಲ್ಲೂ ಅರ್ಧ ಆದ ಹೊಸ ವಿನ್ಯಾಸದ್ದು ಬೇಡವೇ ಬೇಡ, ನಕಲು ಮಾಡುವವರ ಕಾಟ ಅವರಿಗೆ ಗೊತ್ತು. ಅರ್ಧ ಗಂಟೆ ಕೆಲಸ ನಿಲ್ಲಿಸಿ ತೋರಿಸಿದವರ ಹತ್ತಿರ ಚಿಕ್ಕದೊಂದನ್ನಾದರೂ ಕೊಳ್ಳುವುದು ಮರ್ಯಾದೆ. ಚೌಕಾಸಿಯ ಬದಲು ‘ಸ್ವಲ್ಪ ಊನ ಇರುವುದು ಏನಾದರೂ ಇದೆಯಾ?’ ಅಂತ ಕೇಳಿ. ಎಷ್ಟೋ ಕಡೆ ಹಿಂದಿನ ಗೂಡಿನಲ್ಲಿ ಬಣ್ಣ ಸ್ವಲ್ಪ ಓಡಿದ, ಬಾಯಿ ಸ್ವಲ್ಪ ಸೊಟ್ಟಗಾದ ಪಾತ್ರೆಗಳಿರುತ್ತವೆ. ಅವರಿಗೂ ಖಾಲಿಯಾಗುತ್ತದೆ, ನಿಮಗೂ ಕಡಿಮೆಗೆ ಸಿಗುತ್ತದೆ. ಹತ್ತು ವರ್ಷದವಳ ಕೈಗೆ ಒಂದು ಉಂಡೆ ಮಣ್ಣು ಕೊಡುತ್ತೀರಾ ಅಂತ ಕೇಳಿದರೆ ಬೇಡ ಅನ್ನುವ ಕುಂಬಾರರು ಕಡಿಮೆ.

ಕೊನೆಗೆ ನಿಮ್ಮ ಒಡೆದ ಪಾತ್ರೆಯ ವಿಷಯ. ತಟ್ಟೆಗಳನ್ನು ಒಂದರ ಮೇಲೊಂದು ಮಲಗಿಸಿದ್ದಿರಿ ಅಂತ ಕಾಣುತ್ತದೆ. ಹಾಗಿಟ್ಟರೆ ರಸ್ತೆಯ ಪ್ರತಿ ಗುಂಡಿಯಲ್ಲೂ ಮೇಲಿನವುಗಳ ಭಾರವೆಲ್ಲ ಕೆಳಗಿನದರ ನಡುವಿಗೆ ಬೀಳುತ್ತದೆ. ಒಂದೊಂದಕ್ಕೂ ಬಟ್ಟೆ ಸುತ್ತಿ, ಅಂಚಿನ ಮೇಲೆ ನಿಲ್ಲಿಸಿ, ಪಕ್ಕ ಪಕ್ಕ ಅಲುಗಾಡದಂತೆ ಬಿಗಿಯಾಗಿ ಜೋಡಿಸಿ. ಮಡಕೆಯ ಹೊಟ್ಟೆಯೊಳಗೂ ಬಟ್ಟೆ ತುರುಕಿ. ಹಿಡಿಕೆ ಇರುವ ಕಡೆ ಸುತ್ತು ದಪ್ಪ ಇರಲಿ, ಮೊದಲು ಹೋಗುವುದು ಅದೇ. ನಿಮ್ಮ ಕೊಳೆಬಟ್ಟೆಯೇ ಸಾಕು, ಬೇರೆ ಏನೂ ಬೇಕಿಲ್ಲ. ಪೆಟ್ಟಿಗೆಯನ್ನು ಡಿಕ್ಕಿಯ ಹಿಂದಿನ ತುದಿಗೆ ಇಡಬೇಡಿ, ಕಾರು ಅಲ್ಲೇ ಜಾಸ್ತಿ ಕುಣಿಯುವುದು. ಮುಂದಿನ ಸೀಟಿನ ಹಿಂದೆ, ಕಾಲಿಡುವ ತಗ್ಗಿನಲ್ಲಿ ಇಡಿ. ಮೇಣದ ಸಾಮಾನು, ಅಂಟು ಹಾಕಿ ಕೂಡಿಸಿದ ಮರದ ಸಾಮಾನು ಕೊಂಡಿದ್ದರೆ ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಟ್ಟುಹೋಗಬೇಡಿ. ಹೊರಗೆ 30 ಡಿಗ್ರಿ ಇದ್ದರೂ ಗಾಜು ಮುಚ್ಚಿದ ಕಾರಿನೊಳಗೆ ಒಂದು ಗಂಟೆಯಲ್ಲಿ 50ರ ಹತ್ತಿರ ಹೋಗುತ್ತದೆ. ಊಟಕ್ಕೆ ಇಳಿಯುವಾಗ ಅವನ್ನು ಚೀಲದಲ್ಲಿ ಹಾಕಿಕೊಂಡು ನಿಮ್ಮ ಜೊತೆಗೇ ಒಳಗೆ ತೆಗೆದುಕೊಂಡು ಹೋಗಿ.